ವೈಟ್‌ಫೀಲ್ಡ್‌ನಲ್ಲಿ ಬರೆದ ಸಮುದ್ರ

ಸಂಜೆ ವಾಕಿಂಗ್ ಹೋದಾಗ ನಮ್ಮ ಅಪಾರ್ಟ್‌ಮೆಂಟಿನ ಹಿರಿಯರು ತಪ್ಪದೆ ಕೇಳುತ್ತಾರೆ, "ಏನ್ ಕೆಲ್ಸದಲ್ಲಿದ್ರಿ ಮೇಡಂ?" ನಾನು "ಕಾರ್ಟೂನ್ ಸಿನಿಮಾಗಳಿಗೆ ಚಿತ್ರ ಬರೀತಿದ್ದೆ" ಎನ್ನುತ್ತೇನೆ. ಅವರು ಕರುಣೆಯಿಂದ ನಕ್ಕು, "ಅದ್ ಸರಿ, ಕೆಲ್ಸ ಏನ್ ಮಾಡ್ತಿದ್ರಿ?" ಎಂದು ಮತ್ತೆ ಕೇಳುತ್ತಾರೆ. ದಾವಣಗೆರೆಯಲ್ಲಿದ್ದ ನನ್ನ ಅಪ್ಪ ಕೂಡ ಬದುಕಿದ್ದ ತನಕ ಇದನ್ನೇ ಕೇಳಿದರು. ನೆಂಟರ ಎದುರು ಮಾತ್ರ "ಶೈಲಜಾ ಕಂಪ್ಯೂಟರ್ ಕಂಪನೀಲಿದಾಳೆ" ಎಂದು ಹೇಳಿ ಮನೆಯ ಮರ್ಯಾದೆ ಉಳಿಸಿಕೊಂಡಿದ್ದರು.

ಈಚೆಗೆ ಅನಿಮೇಶನ್ ಕಲಿತ ಹುಡುಗ ಹುಡುಗಿಯರು ಸಲಹೆ ಕೇಳಿಕೊಂಡು ನನ್ನ ಮನೆಗೆ ಬರುತ್ತಾರೆ. ಅವರ ಕಾಲೇಜಿನ ಪುಸ್ತಿಕೆಯಲ್ಲಿ ಸ್ಟುಡಿಯೋ ಎಂದರೆ ಬಣ್ಣಬಣ್ಣದ ಮೆತ್ತೆಗಳ ಮೇಲೆ ಒರಗಿಕೊಂಡು ನಗುವ ಜನ. ಆ ಚಿತ್ರವನ್ನು ನೋಡಿ ನನಗೂ ಅಲ್ಲಿ ಕೆಲಸಕ್ಕೆ ಸೇರಬೇಕು ಅನ್ನಿಸಿತು. ನಿಜವಾಗಿ ಏನಿರುತ್ತದೆ ಎಂದು ಒಂದೊಂದು ಮಗುವಿಗೂ ಹೇಳಿ ಹೇಳಿ ಗಂಟಲು ಒಣಗಿದ್ದರಿಂದ ಬರೆದಿಡುತ್ತಿದ್ದೇನೆ. ನನಗೆ ಬಂದ ಬಡ್ತಿಗಳ ಕಥೆ ಇಲ್ಲಿಲ್ಲ. ಪ್ರತಿ ಬಡ್ತಿಯಲ್ಲೂ ನನ್ನ ಮೇಜು ಕಿಟಕಿಯಿಂದ ಇನ್ನಷ್ಟು ದೂರ ಹೋಯಿತು, ಅಷ್ಟೇ.

ನಮ್ಮ ವೃತ್ತಿಯಲ್ಲಿ ಎರಡು ಅಂತಸ್ತು. ಬೆಕ್ಕು, ಇಲಿ, ರಾಜಕುಮಾರಿಯರನ್ನು ಬರೆಯುವವರು ಮೇಲಿನವರು. ಜೀವವಿಲ್ಲದಿದ್ದರೂ ಅಲ್ಲಾಡುವ ನೀರು, ಹೊಗೆ, ಬೆಂಕಿ, ಧೂಳುಗಳನ್ನು ಬರೆಯುವವರು ಕೆಳಗಿನವರು. ನಾನು ಕೆಳಗಿನವಳು, ಅದರಲ್ಲೂ ನೀರಿನವಳು. ನೀವು ಚಿಕ್ಕವರಿದ್ದಾಗ ಟಿವಿಯಲ್ಲಿ ಯಾವುದೋ ಬೆಕ್ಕು ಟಬ್ಬಿಗೆ ಬಿದ್ದು ನೀರು ಹಾರಿದ್ದರೆ ಆ ನೀರು ನನ್ನದಿರಬಹುದು. ಬೆಕ್ಕಿನ ಹೆಸರು ನಿಮಗೆ ಇವತ್ತಿಗೂ ನೆನಪಿದೆ. ನೀರು ಬರೆದವರು ಯಾರೆಂದು ನೀವು ಕೇಳಲಿಲ್ಲ, ನಾವೂ ಹೇಳಲಿಲ್ಲ. ಕೆಲಸ ಕೊಟ್ಟವರು ಹೊರದೇಶದವರು. ಅವರ ಸಿನಿಮಾದ ಕೊನೆಯಲ್ಲಿ ಬರುವ ಹೆಸರುಗಳೂ ಹೊರದೇಶದವೇ.

ಮೊದಲ ಸ್ಟುಡಿಯೋ ಪೀಣ್ಯದಲ್ಲಿತ್ತು. ಸ್ಟುಡಿಯೋ ಎಂದರೆ ತಗಡಿನ ಶೆಡ್ಡು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪ್ರೆಸ್ ಯಂತ್ರ ದಿನವಿಡೀ ಧಡ್ ಧಡ್ ಎನ್ನುತ್ತಿತ್ತು. ಅದು ಬಡಿದಾಗಲೆಲ್ಲ ನಮ್ಮ ಮೇಜು ಕುಣಿಯುತ್ತಿತ್ತು, ಮೇಜಿನ ಜೊತೆ ಪೆನ್ಸಿಲ್ಲೂ ಕುಣಿಯುತ್ತಿತ್ತು. ನಾವು ಬರೆದ ಮೊದಲ ಕಾರ್ಟೂನಿನಲ್ಲಿ ಒಂದು ಗೆರೆಯೂ ನೆಟ್ಟಗಿರಲಿಲ್ಲ. ಪೊಲೀಸ್ ನಾಯಿಯಿಂದ ಹಿಡಿದು ಹಿಂದಿನ ಬೆಟ್ಟದವರೆಗೆ ಎಲ್ಲರಿಗೂ ಚಳಿಜ್ವರ. ವಾಪಸ್ ಕಳಿಸುತ್ತಾರೆ ಎಂದು ನಾವು ಹೆದರಿ ಕೂತಿದ್ದರೆ, ಅಲ್ಲಿಂದ ಬಂದ ಉತ್ತರ, ಗೆರೆಗಳಲ್ಲಿ ಜೀವವಿದೆ, ಮುಂದಿನ ಕಂತೂ ಹೀಗೇ ಇರಲಿ. ಅಷ್ಟರಲ್ಲಿ ಪಕ್ಕದ ಕಾರ್ಖಾನೆಯಲ್ಲಿ ಮುಷ್ಕರ ಶುರುವಾಗಿ ಪ್ರೆಸ್ ನಿಂತುಹೋಗಿತ್ತು. ನಮ್ಮ ಅಂದಿನ ಮಾಲೀಕರು ತಲೆ ಕೆಡಿಸಿಕೊಳ್ಳಲಿಲ್ಲ. ಹೊಸದಾಗಿ ಸೇರಿದ್ದ ನಾಗರಾಜನನ್ನು ಕರೆದು, "ಟೇಬಲ್ ಕಾಲ್ಗೆ ಒದೀತಾ ಇರು" ಎಂದರು. ನಾಗರಾಜ ಒಂದು ಕಂತು ಪೂರ್ತಿ ಒದ್ದ.

ಈ ನಾಗರಾಜನ ಬಗ್ಗೆ ಹೇಳಬೇಕು, ಏಕೆಂದರೆ ಆ ಮಕ್ಕಳಿಗೆ ನಾನು ಹೇಳುವುದೆಲ್ಲ ಕೊನೆಗೆ ಅವನ ಕಥೆಯೇ. ಟಿ. ದಾಸರಹಳ್ಳಿಯ ಹುಡುಗ. ಅಪ್ಪ ಪೀಣ್ಯದಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವರು. ಚಲನೆಯ ಮೊದಲ ಚಿತ್ರ ಮತ್ತು ಕೊನೆಯ ಚಿತ್ರವನ್ನು ನಾನು ಬರೆದುಕೊಟ್ಟರೆ, ನಡುವಿನದನ್ನೆಲ್ಲ ಬರೆಯುವುದು ಅವನ ಕೆಲಸ. ಅಲೆ ಏಳುವುದೂ ಬೀಳುವುದೂ ನನ್ನದು, ಅದು ಅಲೆಯಾಗುವುದು ಅವನಿಂದ. ಮದುವೆಯಾಗಿ, ಮಗಳಾಗಿ, ಕೂದಲು ನರೆತರೂ ಅವನು ಪೇಪರ್ ಬಿಡಲಿಲ್ಲ. ಕೆಳಗಿನಿಂದ ಬೆಳಕು ಬರುವ ಗಾಜಿನ ಮೇಜಿನ ಮೇಲೆ ಹಾಳೆಯ ಮೇಲೆ ಹಾಳೆ ಇಟ್ಟು, ಬೆರಳುಗಳ ನಡುವೆ ಅವನ್ನು ಹಿಂದಕ್ಕೂ ಮುಂದಕ್ಕೂ ಮಡಚಿ, ನಾಲಿಗೆಯನ್ನು ಸ್ವಲ್ಪ ಹೊರಗೆ ಹಾಕಿಕೊಂಡು ಬರೆಯುತ್ತಿದ್ದ. ಸ್ಟುಡಿಯೋ ಎಲ್ಲ ಡಿಜಿಟಲ್ ಪೆನ್ನಿಗೆ ಹೋದಾಗ ಅವನೂ ಕಲಿತ. ಆದರೆ ಅದರಲ್ಲಿ ಬರೆದ ನೀರನ್ನು ನೋಡಿ ಅವನೇ ಮುಖ ಸಿಂಡರಿಸಿದ. "ಮೇಡಂ, ಇದು ಒದ್ದೆ ಆಗಿಲ್ಲ" ಅಂದ.

ಸ್ಟುಡಿಯೋ ಬೆಳೆದು ವೈಟ್‌ಫೀಲ್ಡಿನ ಪಟ್ಟಂದೂರು ಅಗ್ರಹಾರಕ್ಕೆ ಬಂತು. ಐಟಿ ಪಾರ್ಕಿನ ಪಕ್ಕದ ಹಳ್ಳಿಯಲ್ಲಿ ಮುನಿರಾಜಪ್ಪ ಎಂಬ ಹಳೆಯ ರೈತರ ಕಟ್ಟಡ. ಅವರ ರಾಗಿ ಹೊಲ ಇದ್ದ ಜಾಗದಲ್ಲೇ ನಾವು ಕೂತಿದ್ದೆವು. ಅವರು ಮಾತ್ರ ಮನೆಯಲ್ಲಿ ಕೂರಲಾರದೆ ದಿನಾ ಬಿಳಿ ಪಂಚೆ ಉಟ್ಟು ಬಂದು, "ಇವತ್ತು ಏನ್ ಗೊಂಬೆ ಬರೀತಿದೀರವ್ವಾ?" ಎಂದು ಕೇಳಿಕೊಂಡು ಎಸಿ ಗಾಳಿಗೆ ಕೂತು ಹೋಗುತ್ತಿದ್ದರು. ನಾಗರಾಜ ದಾಸರಹಳ್ಳಿಯಿಂದ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಇನ್ನೊಂದು ಮೆಟ್ರೋ ಹಿಡಿದು, ಇಡೀ ಬೆಂಗಳೂರನ್ನು ಅಡ್ಡ ಹಾಯ್ದು ಬರುತ್ತಿದ್ದ.

ಹೊಸ ಮ್ಯಾನೇಜರಾಗಿ ಬಂದವರು ಚಂದ್ರಮೌಳಿ. ಹಿಂದೆ ಟೈಲ್ಸ್ ಮಾರುವ ಕಂಪನಿಯಲ್ಲಿದ್ದರು. ಚಿತ್ರ ಬರೆಯುವುದಿರಲಿ, ಅವರು ಸಹಿ ಮಾಡಿದ್ದನ್ನೂ ನಾನು ನೋಡಿಲ್ಲ, ಎಲ್ಲಕ್ಕೂ ಫೋನಿನಲ್ಲಿ ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದರು. ಬಂದ ವಾರವೇ ನಾಗರಾಜನ ಗಾಜಿನ ಮೇಜಿನ ಮುಂದೆ ನಿಂತು, "ನಾಗರಾಜ್, ಪೇಪರ್ ಅನ್ನೋದು ಒಂದು ಎಮೋಷನ್. ಐ ರೆಸ್ಪೆಕ್ಟ್ ಇಟ್. ಆದ್ರೆ ಎಮೋಷನ್ ಸ್ಕೇಲ್ ಆಗಲ್ಲ" ಎಂದರು. ನಾಗರಾಜ ತಲೆಯೆತ್ತದೆ, "ಹೌದು ಸಾರ್, ಎ-ಫೋರ್ ಅಷ್ಟೇ ಇರುತ್ತೆ" ಎಂದ. ಅವನು ತಮಾಷೆ ಮಾಡಿದನೋ ನಿಜವಾಗಿ ಉತ್ತರ ಕೊಟ್ಟನೋ ಎಂದು ಮ್ಯಾನೇಜರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಪೇಪರ್ ವಿಭಾಗ ಎಂದರೆ ಆಗ ಉಳಿದಿದ್ದವರು ನಾವಿಬ್ಬರೇ. ಮುಚ್ಚಿಬಿಡಬೇಕು ಎಂದು ಚಂದ್ರಮೌಳಿ ಮನಸ್ಸು ಮಾಡಿಕೊಂಡಿರುವಾಗಲೇ ಹೊರದೇಶದಿಂದ ಒಂದು ಹಳೆಯ ಕಾರ್ಟೂನ್ ದುರಸ್ತಿಗೆ ಬಂತು.

ಅದು ಕಪ್ಪು ಬಿಳುಪಿನ ಕಾಲದ ಪುಟ್ಟ ನಗೆಚಿತ್ರ. ಕಥೆ ಇಷ್ಟೇ. ಪಟ್ಟೆಪಟ್ಟೆ ಈಜುಡುಗೆ ತೊಟ್ಟ ಒಬ್ಬ ಘೇಂಡಾಮೃಗ ಮಹಾಶಯ, ಸಮುದ್ರತೀರದಲ್ಲಿ ಒಂದು ನಿದ್ದೆ ಮಾಡೋಣ ಎಂದು ಮಡಚುವ ಕುರ್ಚಿ, ಛತ್ರಿ, ತಿಂಡಿಯ ಬುಟ್ಟಿ, ಹಾಡಿನ ಪೆಟ್ಟಿಗೆ ಎಲ್ಲ ಹೊತ್ತು ಬರುತ್ತಾನೆ. ಕುರ್ಚಿ ಅವನನ್ನು ನುಂಗುತ್ತದೆ. ಹಕ್ಕಿಗಳು ಬುಟ್ಟಿಗೆ ಬರುತ್ತವೆ. ಒಂದು ಏಡಿ ಅವನ ಛತ್ರಿ ತನ್ನದೆಂದು ಹಟ ಹಿಡಿಯುತ್ತದೆ. ಕೊನೆಗೆ ಹೇಗೋ ಕಣ್ಣು ಮುಚ್ಚಿದ ಅನ್ನುವಾಗ ದೊಡ್ಡ ಅಲೆ ಬಂದು ಎಲ್ಲವನ್ನೂ ಎಳೆದುಕೊಂಡು ಹೋಗುತ್ತದೆ. ಅದೊಂದು ಕ್ಲಾಸಿಕ್ಕು, ಅದರ ದೇಶದಲ್ಲಿ ಅಜ್ಜ ಅಜ್ಜಿಯರಿಗೆಲ್ಲ ಬಾಯಿಪಾಠವಂತೆ. ಆದರೆ ಆ ದೊಡ್ಡ ಅಲೆ ಇದ್ದ ರೀಲು ಡಬ್ಬಿಯೊಳಗೇ ಕೊಳೆತುಹೋಗಿತ್ತು. ಹಿಂದಿನದಿದೆ, ಮುಂದಿನದಿದೆ, ನಡುವೆ ಅಲೆ ಇಲ್ಲ. ಅದನ್ನು ಹಳೆಯ ಶೈಲಿಯಲ್ಲೇ ಹೊಸದಾಗಿ ಬರೆದು ಸೇರಿಸಬೇಕಿತ್ತು.

ಮೊದಲು ಸಾಫ್ಟ್‌ವೇರಿನಲ್ಲಿ ಮಾಡಿಸಿ ನೋಡಿದರು. ಚಿತ್ರಗಳನ್ನು ತಾನೇ ಕಲಿತು ತಾನೇ ಬರೆಯುವ ಹೊಸ ಯಂತ್ರ ಅದು. ಸಮುದ್ರವನ್ನು ಪ್ರವಾಸೋದ್ಯಮದ ಜಾಹೀರಾತಿನ ಹಾಗೆ ಥಳಥಳ ಬರೆಯಿತು. ಅದರ ಮುಂದೆ ಘೇಂಡಾಮೃಗ ಅಂಟಿಸಿದ ಹಾಗೆ ಕಾಣುತ್ತಿತ್ತು. ಏಡಿಗೆ ಕಾಲುಗಳು ವಿಪರೀತ ಹೆಚ್ಚಾಗಿ ಅದು ಬಾಚಣಿಗೆಯಾಗಿತ್ತು. ಹಾಗಾಗಿ ಚಂದ್ರಮೌಳಿ ನಮ್ಮ ಬಳಿ ಬಂದು, "ಈ ವೇವ್ ಅಪ್ರೂವ್ ಆದ್ರೆ ಪೇಪರ್ ಸೆಕ್ಷನ್ ಇರುತ್ತೆ, ಪ್ರಾಮಿಸ್. ಆಗ್ಲಿಲ್ಲ ಅಂದ್ರೆ ಕ್ಲೋಸ್" ಎಂದರು. ನನಗೆ ನಿವೃತ್ತಿ ಹತ್ತಿರವಿತ್ತು, ಮುಚ್ಚಿದರೆ ನನಗೇನೂ ನಷ್ಟವಿಲ್ಲ. ನಾಗರಾಜನಿಗೆ ಐವತ್ತು ದಾಟಿತ್ತು. ಪೆನ್ಸಿಲ್ಲಿನಲ್ಲಿ ಅಲೆ ಬರೆಯುವವನನ್ನು ಕರೆದು ಕೆಲಸ ಕೊಡುವ ಇನ್ನೊಂದು ಸ್ಟುಡಿಯೋ ಈ ಊರಿನಲ್ಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬರೆಯದೆ ಇರುವುದು ಹೇಗೆಂದೇ ಅವನಿಗೆ ಗೊತ್ತಿರಲಿಲ್ಲ. ಆ ದಿನ ಅವನು ಊಟದ ಡಬ್ಬಿ ತೆರೆಯಲಿಲ್ಲ.

ಆಗ ಒಂದು ಸಣ್ಣ ಸಂಗತಿ ಹೊರಬಿತ್ತು. ನಾಗರಾಜ ಸಮುದ್ರವನ್ನೇ ನೋಡಿರಲಿಲ್ಲ. ಬೆಕ್ಕಿನ ಟಬ್ಬು, ಕಾರಂಜಿ, ಹೊಳೆ, ಮಳೆ ಎಲ್ಲ ಬರೆದಿದ್ದ, ಸಮುದ್ರದ ಪಾಳಿ ಬಂದಿರಲಿಲ್ಲ. ಹಾಗಂತ ನೋಡಿದ್ದವರೇನು ಕಡಿದು ಗುಡ್ಡೆ ಹಾಕಿದ್ದರು? ನಾನು ಮದುವೆಯಾದ ಹೊಸದರಲ್ಲಿ ಮುರುಡೇಶ್ವರಕ್ಕೆ ಹೋಗಿದ್ದೆ, ಎಲ್ಲರ ಚಪ್ಪಲಿ ಕಾಯುವ ಕೆಲಸ ನನ್ನದಾಗಿತ್ತು. ಆಫೀಸಿನ ಹುಡುಗರು ವರ್ಷಕ್ಕೆರಡು ಸಲ ಗೋಕರ್ಣಕ್ಕೆ ಹೋಗುವವರು. ಅಲೆ ಹೇಗೆ ಒಡೆಯುತ್ತದೆ ಎಂದು ಕೇಳಿದರೆ ತಮ್ಮ ಫೋಟೋ ತೋರಿಸಿದರು. ಎಲ್ಲದರಲ್ಲೂ ಸಮುದ್ರಕ್ಕೆ ಬೆನ್ನು ಹಾಕಿಕೊಂಡು ನಿಂತಿದ್ದರು.

ಮಲ್ಪೆಗೆ ಎರಡು ದಿನ ಕಳಿಸಿ ಎಂದು ಚಂದ್ರಮೌಳಿಯನ್ನು ಕೇಳಿದೆ. "ಮೇಡಂ, ಸೀ ಈಸ್ ದೇರ್ ಆನ್ ದಿ ಇಂಟರ್ನೆಟ್" ಎಂದರು. ಇಂಟರ್ನೆಟ್ಟಿನ ಅಲೆಗಳನ್ನು ನಾಗರಾಜ ಎರಡು ದಿನ ನೋಡಿದ. ಎಲ್ಲ ಒಂದೋ ಮೇಲಿನಿಂದ ಹಾರುವ ಕ್ಯಾಮೆರಾದಲ್ಲಿ ತೆಗೆದವು, ಇಲ್ಲ ನಿಧಾನಗತಿಯವು, ಹಿಂದೆ ಧ್ಯಾನದ ಸಂಗೀತ. ಅವನಿಗೆ ನಿದ್ದೆ ಬಂತು. ನಾನು ಮತ್ತೆ ಜಗಳ ತೆಗೆದೆ. ಆಗ ಎಚ್‌ಆರ್ ವಿಭಾಗದವರಿಗೆ ಒಂದು ಮಹಾ ಯೋಚನೆ ಹೊಳೆಯಿತು. ಹೇಗೂ ವರ್ಷದ ಟೀಮ್ ಔಟಿಂಗ್ ಬಾಕಿ ಇತ್ತು. ಮಾಕಳಿಯ ಕಡೆ ಒಂದು ರಿಸಾರ್ಟಿನಲ್ಲಿ ಕೃತಕ ಅಲೆಗಳ ಕೊಳವಿದೆ, ಅಂಚಿಗೆ ಮರಳೂ ಹಾಕಿದ್ದಾರೆ, ತೆಂಗಿನ ಮರವೂ ಇದೆ. ಔಟಿಂಗ್‌ಗೆ ಔಟಿಂಗೂ ಆಯಿತು, ಸಮುದ್ರಕ್ಕೆ ಸಮುದ್ರವೂ ಆಯಿತು.

ವೈಟ್‌ಫೀಲ್ಡಿನಿಂದ ಮಾಕಳಿಗೆ ಬಸ್ಸಿನಲ್ಲಿ ಹೋಗುವುದು ಏನೆಂದು ಹೋದವರಿಗೇ ಗೊತ್ತು. ಬೆಳಗಿನ ಇಡ್ಲಿ ಹೆಬ್ಬಾಳದಲ್ಲೇ ಜೀರ್ಣವಾಗಿತ್ತು. ದಾರಿಯಲ್ಲಿ ದಾಸರಹಳ್ಳಿ ಬಂದಾಗ ನಾಗರಾಜ ಕಿಟಕಿಯಿಂದ ತನ್ನ ಮನೆಯ ಬೀದಿ ತೋರಿಸಿ, "ನಾನು ಇಲ್ಲೇ ಹತ್ಕೋಬೋದಿತ್ತು ಮೇಡಂ" ಎಂದ. ಔಟಿಂಗ್ ನಿಯಮದ ಪ್ರಕಾರ ಎಲ್ಲರೂ ಆಫೀಸಿನಿಂದಲೇ ಒಟ್ಟಿಗೆ ಹೊರಡಬೇಕಿತ್ತು, ಆದ್ದರಿಂದ ಅವನು ಬೆಳಿಗ್ಗೆ ಮೆಟ್ರೋದಲ್ಲಿ ವೈಟ್‌ಫೀಲ್ಡಿಗೆ ಬಂದು ಈಗ ಬಸ್ಸಿನಲ್ಲಿ ತನ್ನ ಮನೆಯ ಮುಂದೆಯೇ ಹಾದುಹೋಗುತ್ತಿದ್ದ.

ಕೊಳದ ಬಾಗಿಲಲ್ಲಿ ಸೆಕ್ಯುರಿಟಿಯವನು ಸೀಟಿ ಊದಿದ. ನೈಲಾನ್ ಬಟ್ಟೆ ಇಲ್ಲದವರು ನೀರಿಗಿಳಿಯುವ ಹಾಗಿಲ್ಲ. ನಾನು ಸೀರೆಯಲ್ಲಿ ಛತ್ರಿ ಹಿಡಿದು ಮರಳಿನ ಮೇಲೆ ಕೂತೆ. ಮರಳನ್ನು ಕಟ್ಟಡದ ಕೆಲಸಕ್ಕೆ ತರಿಸಿದ್ದರೋ ಏನೋ, ಜಲ್ಲಿ ಚುಚ್ಚುತ್ತಿತ್ತು. ನಾಗರಾಜ ಬಾಡಿಗೆಯ ನೇರಳೆ ಬಣ್ಣದ ಚಡ್ಡಿ ತೊಟ್ಟು, ಡ್ರಾಯಿಂಗ್ ಪುಸ್ತಕ ಎದೆಗವಚಿಕೊಂಡು ಅಂಚಿನಲ್ಲಿ ನಿಂತ.

"ಅಣ್ಣ, ಬುಕ್ ಒಳಗ್ ಬಿಡಲ್ಲ" ಎಂದ ಸೆಕ್ಯುರಿಟಿ.

"ಅಲೆ ಬರ್ಕೊಬೇಕಿತ್ತು ಸಾರ್."

"ಬರಿಯಾಕೆ ಏನಿದೆ ಅಣ್ಣ ಅದ್ರಲ್ಲಿ? ಬರುತ್ತೆ, ಓಯ್ತದೆ. ಸೈರನ್ ಆದ್ಮೇಲೆ ನೋಡ್ಕೊಳಿ."

ಸೈರನ್ ಆಯಿತು. ಕೊಳದಲ್ಲಿದ್ದ ಜನರೆಲ್ಲ ಒಟ್ಟಿಗೆ ಎದ್ದು ನಿಂತು ಗೋಡೆಯ ಕಡೆ ಮುಖ ಮಾಡಿದರು. ಗೋಡೆಯ ಹಿಂದಿನಿಂದ ಅಲೆಗಳು ಬಂದವು, ಎಲ್ಲ ಒಂದೇ ಎತ್ತರ, ಒಂದೇ ಅಂತರ. ಸ್ವಲ್ಪ ಹೊತ್ತಿಗೆ ನಿಂತವು. ನಾಗರಾಜ ಬರೆದುಕೊಂಡ. ಮತ್ತೆ ಸೈರನ್, ಮತ್ತೆ ಅಲೆ. ಅಷ್ಟರಲ್ಲಿ ಕರೆಂಟ್ ಹೋಗಿ ಸಮುದ್ರವೇ ನಿಂತುಹೋಯಿತು. ರಿಸಾರ್ಟಿನ ನಾಯಿಯೊಂದು ಅಕೌಂಟ್ಸ್ ವಿಭಾಗದವರ ಊಟದ ಪೊಟ್ಟಣ ಕಚ್ಚಿಕೊಂಡು ಓಡಿತು, ವಿಭಾಗ ಪೂರ್ತಿ ಅದರ ಹಿಂದೆ ಓಡಿತು. ಇದೇ ಸಮಯಕ್ಕೆ ಚಂದ್ರಮೌಳಿ ನಿಂತ ನೀರಿನ ನಡುವೆ ಫೋನ್ ಎತ್ತಿ ಹಿಡಿದು, ಇನ್ನೊಂದು ಕೈ ಅಗಲಿಸಿ, ಸ್ವಂತ ಚಿತ್ರ ತೆಗೆದುಕೊಳ್ಳುತ್ತಿದ್ದರು. ಕರೆಂಟ್ ವಾಪಸ್ ಬಂತು. ಈ ಸಲ ಸೈರನ್ ಆಗಲಿಲ್ಲ. ಅಲೆ ಹಿಂದಿನಿಂದ ಬಂದು ಅವರನ್ನು ಫೋನ್ ಸಮೇತ ಎತ್ತಿ ಜಲ್ಲಿಯ ಮೇಲೆ ಇಟ್ಟಿತು.

ಸಿನಿಮಾದಲ್ಲಿ ಇದಾದರೆ ಜನ ಬಿದ್ದು ಬಿದ್ದು ನಗುತ್ತಾರೆ. ಅಲ್ಲಿ ನಗುವ ಧೈರ್ಯ ಯಾರಿಗೂ ಬರಲಿಲ್ಲ, ಸಂಬಳ ಏರಿಸುವ ಅಪ್ರೈಸಲ್ ತಿಂಗಳು. ನಾನು ಮಾತ್ರ ನಿವೃತ್ತಿಯ ಅಂಚಿನಲ್ಲಿದ್ದೆನಾದ್ದರಿಂದ ಮನಸಾರೆ ನಕ್ಕೆ.

ಅಲೆ ಸಿಕ್ಕಿತು, ಆದರೆ ನೊರೆ ಸಿಗಲಿಲ್ಲ. ಕ್ಲೋರಿನ್ ನೀರಿನಲ್ಲಿ ನೊರೆ ಏಳಲಿಲ್ಲ. ನೊರೆಯಿಲ್ಲದೆ ಕಾರ್ಟೂನಿನ ಅಲೆ ಅಲೆಯೇ ಅಲ್ಲ, ಬರೀ ಕಂಬಳಿಯಾಗುತ್ತದೆ. ಆಗ ನಾಗರಾಜನೇ ಒಂದು ದಾರಿ ಹುಡುಕಿದ. ಆಫೀಸಿನಿಂದ ಸ್ವಲ್ಪ ದೂರದಲ್ಲಿ ಒಂದು ಕೆರೆ ಇತ್ತು. ಯಾವ ಕೆರೆ ಎಂದು ಹೇಳುವುದಿಲ್ಲ, ನಮ್ಮ ಕಡೆಯವರಿಗೆ ಹೇಳಬೇಕಾಗಿಯೂ ಇಲ್ಲ. ಊರಿನ ಸೋಪು, ಚರಂಡಿ ಎಲ್ಲ ಸೇರಿ ಅದರ ಮೇಲೆ ನೊರೆ ಆಳೆತ್ತರ ಏಳುತ್ತಿತ್ತು. ಗಾಳಿ ಬಂದರೆ ರಸ್ತೆಗೂ ಬರುತ್ತಿತ್ತು, ಸ್ಕೂಟರಿನವರ ಮಡಿಲಲ್ಲಿ ಕೂರುತ್ತಿತ್ತು. ನಾಗರಾಜ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ದಿನಾ ಊಟದ ಹೊತ್ತಿನಲ್ಲಿ ಅಲ್ಲಿ ಹೋಗಿ ಕೂತ. ವಾಪಸ್ ಬರುವಾಗ ಅವನ ಕಣ್ಣು ಕೆಂಪಾಗಿರುತ್ತಿತ್ತು, ಪುಸ್ತಕ ತುಂಬ ನೊರೆ ಇರುತ್ತಿತ್ತು. ಇಷ್ಟು ಒಳ್ಳೆಯ ನೊರೆಯನ್ನು ನಾನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ.

ಘೇಂಡಾಮೃಗ ಎದ್ದು ಬೀಳುವುದಕ್ಕೆ ಮುನಿರಾಜಪ್ಪನವರನ್ನು ಹಿಡಿದೆವು. ಅವರ ಹೊಟ್ಟೆ ಹೇಳಿ ಮಾಡಿಸಿದ ಹಾಗಿತ್ತು. ಟೆರೇಸಿನ ಮೇಲೆ ಮಡಚುವ ಕುರ್ಚಿಯಲ್ಲಿ ಅವರನ್ನು ಮಲಗಿಸಿ, ನಾಗರಾಜ ನೋಡುತ್ತಿರುವಾಗ ನಾನು ಬಕೆಟ್ ನೀರು ಎರಚಿದೆ.

"ಅಯ್ಯೋ, ಟ್ಯಾಂಕರ್ ನೀರು ಕಣವ್ವಾ! ಇಂಗೆ ಚೆಲ್ತಾರಾ?" ಎಂದು ಅವರು ಕುರ್ಚಿ ಸಮೇತ ಎದ್ದರು. ಆ ಎದ್ದ ಭಂಗಿ ಹಾಗೆಯೇ ಸಿನಿಮಾದಲ್ಲಿದೆ.

ಅಲೆ ಮುಗಿದು ಹೊರದೇಶಕ್ಕೆ ಹೋದ ಮರುದಿನ ಮುನಿರಾಜಪ್ಪನವರಿಗೆ ಪರದೆಯ ಮೇಲೆ ತೋರಿಸಿದೆವು. ತಮ್ಮನ್ನು ತಾವು ಘೇಂಡಾಮೃಗವಾಗಿ ನೋಡಿ ಅವರಿಗೆ ಬೇಸರವಾಗಲಿಲ್ಲ. ಹಿಂದಿನ ನೀರನ್ನೇ ದಿಟ್ಟಿಸಿದರು.

"ಎಷ್ಟ್ ಸಂದಾಗಿ ಬರ್ದಿದೀಯಪ್ಪಾ ನಾಗರಾಜ. ನಮ್ ಕೆರೆ ಅಂಗೇ ಐತೆ, ವಾಸನೆ ಒಂದೇ ಬಾಕಿ."

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮತ್ತೆ ಹಾಕಿ ನೋಡಿದೆವು. ಅಲೆ ಹಿಂದೆ ಹೋಗುತ್ತಿತ್ತು, ನೊರೆ ಹೋಗುತ್ತಿರಲಿಲ್ಲ. ಮರಳಿನ ಮೇಲೆ ಗುಡ್ಡೆಗುಡ್ಡೆಯಾಗಿ ನಿಂತು, ಗಾಳಿಗೆ ಮೇಲೆದ್ದು, ಛತ್ರಿಯ ಪಕ್ಕದಿಂದ ಉರುಳಿಕೊಂಡು ಊರ ಕಡೆ ಹೊರಟಿತ್ತು. ಅಲೆ ಆಗಲೇ ಹೊರದೇಶ ಸೇರಿತ್ತು, ತಿದ್ದುವ ಹಾಗಿರಲಿಲ್ಲ.

ಎರಡು ದಿನ ಬಿಟ್ಟು ಹೊರದೇಶದಿಂದ ವಿಡಿಯೋ ಕರೆ ಬಂತು. ಮಾತಾಡಿದವರು ಆ ನಗೆಚಿತ್ರ ಮಾಡಿದ್ದ ಹಳೆಯ ಸ್ಟುಡಿಯೋದ ಯಜಮಾನನ ಮೊಮ್ಮಗಳು, ಮಾರ್ಗರೆಟ್ ಎಂದಿಟ್ಟುಕೊಳ್ಳಿ, ನನಗಿಂತ ಹಿರಿಯರು. ಚಂದ್ರಮೌಳಿ ಟೈ ಕಟ್ಟಿಕೊಂಡು ಕೂತಿದ್ದರು. ಕರೆಗೆ ಮುಂಚೆಯೇ ನಾಗರಾಜನ ಮೇಜನ್ನು ಎಲ್ಲಿಗೆ ಸಾಗಿಸುವುದು ಎಂದು ಆಡಳಿತದವರ ಹತ್ತಿರ ಮಾತಾಡಿದ್ದರು, ನನ್ನ ಕಿವಿಗೆ ಬಿದ್ದಿತ್ತು.

"ನನಗೊಂದು ಅನುಮಾನ" ಎಂದರು ಮಾರ್ಗರೆಟ್ ಇಂಗ್ಲಿಷಿನಲ್ಲಿ. "ಅಲೆ ಬರುವ ಮೊದಲೇ ಏಡಿ, ಹಕ್ಕಿ, ಎಲ್ಲ ಎದ್ದು ನಿಂತು ಸಮುದ್ರದ ಕಡೆ ತಿರುಗುತ್ತವಲ್ಲ, ಅವಕ್ಕೆ ಹೇಗೆ ಗೊತ್ತಾಯಿತು?"

ಸೈರನ್ ಆಯಿತು ಎಂದು ಹೇಳುವ ಹಾಗಿಲ್ಲ. ನಾಗರಾಜ ನೆಲ ನೋಡುತ್ತಿದ್ದ.

"ಮತ್ತೆ ಆ ನೊರೆ. ಅದು ಎಲ್ಲಿಗೆ ಹೊರಟಿದೆ?"

"ಇಟ್ ಈಸ್ ಅ ಕ್ರಿಯೇಟಿವ್ ಕಾಲ್, ಮೇಡಂ" ಎಂದು ಶುರುಮಾಡಿದರು ಚಂದ್ರಮೌಳಿ. ಅವರು ಮುಗಿಸುವ ಮುಂಚೆಯೇ ಮಾರ್ಗರೆಟ್ ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನೊರೆ ಮೂಟೆ ಕಟ್ಟಿಕೊಂಡು ಮನೆಗೆ ಹೋಗುವ ಹಾಗಿದೆ ಎಂದರು, ಇಡೀ ಸಿನಿಮಾದಲ್ಲಿ ಅತಿ ಹೆಚ್ಚು ನಗು ಬರಿಸುವುದು ಇದೇ ಎಂದರು. ತಮ್ಮ ಅಜ್ಜನೂ ಸಮುದ್ರದಿಂದ ಬಲು ದೂರದ ಊರಿನವರು, ಸ್ನಾನದ ತೊಟ್ಟಿಯಲ್ಲಿ ಕೈಯಾಡಿಸಿ ಅಲೆ ಬರೆದಿದ್ದರಂತೆ. "ನಿಮ್ಮದು ಯಾವ ಸಮುದ್ರ?" ಎಂದು ಕೇಳಿದರು.

"ಲೋಕಲ್, ಮೇಡಂ" ಎಂದ ನಾಗರಾಜ.

ಅಲೆ ಅಪ್ರೂವ್ ಆಯಿತು. ನಾಗರಾಜ ಆ ಮಧ್ಯಾಹ್ನ ಎಲ್ಲರಿಗೂ ಮೈಸೂರುಪಾಕ್ ತರಿಸಿದ. ಮಗಳಿಗೆ ಫೋನ್ ಮಾಡಿ, "ಕೆಲ್ಸ ಉಳೀತು ಪುಟ್ಟಾ" ಎಂದು ಎರಡೆರಡು ಸಲ ಹೇಳಿದ. ನಾನು ಮುಖ ಆಚೆ ತಿರುಗಿಸಿಕೊಂಡೆ. ಅಷ್ಟು ವರ್ಷದ ಕೆಲಸದಲ್ಲಿ ನನಗೆ ಅಷ್ಟು ಸಂತೋಷವಾದ ದಿನ ಇನ್ನೊಂದಿಲ್ಲ.

ಚಂದ್ರಮೌಳಿ ಮಾತು ಉಳಿಸಿಕೊಂಡರು. ಹೇಗೆ ಎಂಬುದನ್ನು ಕೇಳಿ. ಪೇಪರ್ ವಿಭಾಗವನ್ನು ಮುಚ್ಚಲಿಲ್ಲ, ರಿಸೆಪ್ಷನ್‌ಗೆ ತಂದರು. ನೆಲಕ್ಕೆ ನಕಲಿ ಹುಲ್ಲು, ಮೇಲೆ ಹಳದಿ ದೀಪ, ನಡುವೆ ನಾಗರಾಜನ ಗಾಜಿನ ಮೇಜು, ಮುಂದೆ ಹಿತ್ತಾಳೆ ಕಂಬಗಳಿಗೆ ಕಟ್ಟಿದ ಕೆಂಪು ಹಗ್ಗ. 'ಹೆರಿಟೇಜ್ ಕಾರ್ನರ್' ಎಂಬ ಫಲಕ. ಹೊರದೇಶದ ಅತಿಥಿಗಳು ಬಂದಾಗ ನಾಗರಾಜ ಅಲ್ಲಿ ಕೂತು ಅಲೆ ಬರೆಯಬೇಕು. ಖಾದಿ ಜುಬ್ಬಾ ಹಾಕಿಕೊಂಡು ಬಾ ಎಂದೂ ಹೇಳಿದರು. ಮೇಜಿನ ಮೇಲೊಂದು ಪುಟ್ಟ ಕ್ಯಾಮೆರಾ ಸಿಕ್ಕಿಸಿದರು. ಅವನ ಕೈ ಹೇಗೆ ಓಡುತ್ತದೆ ಎಂಬುದನ್ನು ನೋಡಿ ನೋಡಿ ಆ ಸಾಫ್ಟ್‌ವೇರ್ ಕಲಿಯಿತು. ಸ್ವಲ್ಪ ದಿನಕ್ಕೆ ಮೇಲಿನ ಮಹಡಿಯಲ್ಲಿ ಅದು ನಾಗರಾಜನ ಅಲೆಯನ್ನು ನಾಗರಾಜನಿಗಿಂತ ಬೇಗ ಬರೆಯತೊಡಗಿತು, ಗುಡ್ಡೆ ನೊರೆ ಸಮೇತ. ಬೇರೆ ಕೆಲಸ ಅವನಿಗೆ ಯಾರೂ ಕೊಡಲಿಲ್ಲ. ಸಂಬಳ ಬರುತ್ತಿತ್ತು. ಕೊರಿಯರ್ ಹುಡುಗರು ಅವನ ಹತ್ತಿರ ಸಹಿ ಹಾಕಿಸಿಕೊಂಡು ಪಾರ್ಸೆಲ್ ಇಟ್ಟು ಹೋಗುತ್ತಿದ್ದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. "ಏನೋ ಇದು ನಾಗರಾಜ, ಮ್ಯೂಸಿಯಂನಲ್ಲಿ ಕೂರಿಸಿದಾರಲ್ಲೋ?" ಎಂದೆ.

"ಕೂರಕ್ಕೆ ಚೇರ್ ಇದೆಯಲ್ಲ ಮೇಡಂ. ಮಗಳು ಪಿಯುಸಿ" ಎಂದ.

ಒಂದು ದಿನ ಅವನು ರಜೆ ಕೇಳಿದ. ಹೆಂಡತಿ ಮಗಳನ್ನು ಕರೆದುಕೊಂಡು ಮಲ್ಪೆಗೆ ಹೋದ. ಅಲ್ಲಿಂದ ನನಗೆ ಫೋನ್ ಮಾಡಿದಾಗ ಗಾಳಿಯ ಸದ್ದಿನಲ್ಲಿ ಅವನ ಮಾತು ಸರಿಯಾಗಿ ಕೇಳುತ್ತಿರಲಿಲ್ಲ, ಕೂಗುತ್ತಿದ್ದ. "ಮೇಡಂ, ಒಂದ್ ಥರ ಇನ್ನೊಂದಿಲ್ಲ ಮೇಡಂ! ಬರೋ ಅಲೆ ಕೆಳಗೇ ಹೋಗೋ ಅಲೆ ಇರುತ್ತೆ. ಕಾಲ್ ಕೆಳಗಿನ ಮರಳು ಎಳ್ಕೊಂಡ್ ಹೋಗುತ್ತೆ. ನೊರೆ ನಿಲ್ಲಲ್ಲ ಮೇಡಂ, ಚುಯ್ ಅಂತ ಮರಳೊಳಗೆ ಇಳ್ದೋಗುತ್ತೆ. ನಾವು ಏನೂ ಬರ್ದೇ ಇಲ್ಲ!" ಅವನು ಅಳುತ್ತಿದ್ದನೋ ನಗುತ್ತಿದ್ದನೋ ತಿಳಿಯಲಿಲ್ಲ. ಇಡೀ ದಿನ ದಡದಲ್ಲಿ ಕೂತು ಬರೆದನಂತೆ. ಹೆಂಡತಿ ಬೈದು ಬೈದು ಸಾಕಾಗಿ ಮಗಳ ಜೊತೆ ಮೀನೂಟಕ್ಕೆ ಹೋದರಂತೆ.

ಈಗ ಅವನು ದಾಸರಹಳ್ಳಿಯಲ್ಲಿ ಮನೆಯ ಮೇಲಿನ ರೂಮಿನಲ್ಲಿ ಮಕ್ಕಳಿಗೆ ಚಿತ್ರಪಾಠ ಹೇಳುತ್ತಾನೆ. ಕೈ ಬಿಗಿಯಾಗಿದೆ, ಸುಲಭದ ಬದುಕು ಎಂದು ನಾನು ಸುಳ್ಳು ಹೇಳುವುದಿಲ್ಲ. ಆ ಪಾಠಕ್ಕೆ ಹೇಗೆ ಬಂದ ಎಂಬುದನ್ನಷ್ಟೇ ಹೇಳಿ ಮುಗಿಸುತ್ತೇನೆ.

ಮಲ್ಪೆಯಿಂದ ಬಂದ ವಾರ ಆಫೀಸಿಗೆ ಅತಿಥಿಗಳ ಒಂದು ದೊಡ್ಡ ತಂಡ ಬಂತು. ನನ್ನದು ಕೆಲಸದ ಕೊನೆಯ ವಾರ, ನಾನು ರಿಸೆಪ್ಷನ್ ಸೋಫಾದಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆ. ಹಗ್ಗದ ಆಚೆ ಅತಿಥಿಗಳು ಸಾಲಾಗಿ ನಿಂತರು. ಚಂದ್ರಮೌಳಿ ಪರಂಪರೆಯ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಕೈ ತೋರಿಸಿದರು. ನಾಗರಾಜ ಬರೆದ. ಹಾಳೆಗಳನ್ನು ಬೆರಳ ನಡುವೆ ಮಡಚಿ ಓಡಿಸಿದ. ನಾನು ಸೋಫಾದಿಂದ ಎದ್ದು ಹೋಗಿ ನೋಡಿದೆ. ಅಲೆ ಬಂತು, ತನ್ನ ಕೆಳಗೆ ಹಿಂದೆ ಹೋಗುತ್ತಿದ್ದ ಇನ್ನೊಂದು ಅಲೆಗೆ ಎಡವಿ ಓರೆಯಾಗಿ ಒಡೆಯಿತು, ನೊರೆ ಹರಡಿ ತೆಳುವಾಗಿ ಮರಳಿನೊಳಗೆ ಇಳಿಯಿತು. ನೀರಿನವಳಾಗಿ ಅಷ್ಟು ವರ್ಷ ಬದುಕಿದ ನಾನು ಅಂಥ ನೀರನ್ನು ಪೇಪರಿನ ಮೇಲೆ ನೋಡಿರಲಿಲ್ಲ. ನನಗೆ ಹೊಟ್ಟೆಕಿಚ್ಚೇ ಆಯಿತು.

ಚಂದ್ರಮೌಳಿ ಬಗ್ಗಿ, ಅತಿಥಿಗಳಿಗೆ ಕೇಳದ ಹಾಗೆ ಹಲ್ಲು ಕಚ್ಚಿಕೊಂಡು ಹೇಳಿದರು, "ನಾಗರಾಜ್, ಏನ್ರೀ ಇದು? ಇದಲ್ಲ. ಅಪ್ರೂವ್ಡ್ ಅಲೆ ಬರೀರಿ."

"ಇದೇ ಸಾರ್ ಸರಿಯಾದ ಅಲೆ. ನೋಡ್ಕೊಂಡ್ ಬಂದಿದೀನಿ."

"ಸರೀನೋ ತಪ್ಪೋ ಯಾರಿಗ್ ಬೇಕ್ರೀ? ಕ್ಲೈಂಟ್ ಪಾಸ್ ಮಾಡಿರೋದನ್ನ ಬರೀರಿ."

ನಾಗರಾಜ ಪೆನ್ಸಿಲ್ಲನ್ನು ಜುಬ್ಬಾದ ಜೇಬಿಗೆ ಸಿಕ್ಕಿಸಿಕೊಂಡ. "ಅದನ್ನ ಮೇಲ್ಗಡೆ ನಿಮ್ ಮಷೀನ್ ಬರಿಯುತ್ತಲ್ಲ ಸಾರ್. ಅದನ್ನೇ ತಂದು ಇಲ್ಲಿ ಕೂರಿಸ್ಬಿಡಿ" ಎಂದ. ಬರೆದ ಹಾಳೆಗಳನ್ನು ಜೋಡಿಸಿ ಕಂಕುಳಲ್ಲಿ ಇಟ್ಟುಕೊಂಡ. ಕೆಂಪು ಹಗ್ಗವನ್ನು ಬಿಚ್ಚುವುದು ಹೇಗೆಂದು ತಿಳಿಯದೆ ಅದರ ಕೆಳಗೆ ನುಸುಳಿ, ಅತಿಥಿಗಳ ನಡುವೆ "ಸ್ವಲ್ಪ ಜಾಗ ಬಿಡಿ ಸಾರ್" ಎನ್ನುತ್ತ ಬಾಗಿಲ ಕಡೆ ನಡೆದ.

ನನಗೆ ತಡೆಯಲಾಗಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು ಜೋರಾಗಿ ಚಪ್ಪಾಳೆ ತಟ್ಟಿದೆ. ಇದೂ ಕಾರ್ಯಕ್ರಮದ ಭಾಗವೇ ಇರಬೇಕೆಂದು ತಿಳಿದು ಅತಿಥಿಗಳೆಲ್ಲ ಖುಷಿಯಾಗಿ ಚಪ್ಪಾಳೆ ತಟ್ಟಿದರು. ಅವರು ತಟ್ಟುವಾಗ ಚಂದ್ರಮೌಳಿ ಸುಮ್ಮನೆ ನಿಲ್ಲುವ ಹಾಗಿರಲಿಲ್ಲ. ಅವರೂ ತಟ್ಟಿದರು.